ಅತ್ತೆಯ ಕೋಟೆಗೆ ಮಂಗಳವಾರದ ಮುತ್ತಿಗೆ

ನಮ್ಮ ಅತ್ತೆ ತಮ್ಮ ಅರವತ್ತೊಂದನೆಯ ವಯಸ್ಸಿನಲ್ಲಿ, ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವಿನ ಬಿಡುವಿನಲ್ಲಿ, ನಾನೂರು ಜನ ರಾಕ್ಷಸರನ್ನು ಕಾದ ಎಣ್ಣೆ ಸುರಿದು ಕೊಂದರು ಎಂದರೆ ನೀವು ನಂಬುತ್ತೀರಾ? ನಂಬಬೇಕಾಗಿಲ್ಲ. ನಂಜನಗೂಡಿನಲ್ಲೇ ಬಹಳ ಜನ ನಂಬಲಿಲ್ಲ. ಆದರೆ ಕೊಂದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಂದ ಮೇಲೆ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಸತ್ತವರ ಬಗ್ಗೆ ಒಂದು ಮಾತೂ ಆಡದೆ, "ಅಷ್ಟು ಎಣ್ಣೇಲಿ ಒಂದು ತಿಂಗಳ ಒಗ್ಗರಣೆ ಆಗ್ತಿತ್ತು ಕಣೋ" ಎಂದು ನಿಟ್ಟುಸಿರು ಬಿಟ್ಟದ್ದನ್ನೂ ಕೇಳಿದ್ದೇನೆ.

ರಾಕ್ಷಸರು ಕಂಪ್ಯೂಟರಿನೊಳಗಿನವರು. ಎಣ್ಣೆಯೂ ಅಲ್ಲಿನದೇ. ಅತ್ತೆ ಮಾತ್ರ ನಿಜವಾದವರು.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ. ತಿ. ನರಸೀಪುರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹೆಚ್ಚುಕಡಿಮೆ ಮೂವತ್ತು ವರ್ಷ ವಾರ್ಡನ್ ಆಗಿದ್ದರು. ಅರವತ್ತು ಹುಡುಗಿಯರು, ಒಂದು ಅಡುಗೆಮನೆ, ಒಂದು ಉಗ್ರಾಣ, ಸುತ್ತಲೂ ಗಾಜಿನ ಚೂರು ನೆಟ್ಟ ಕಾಂಪೌಂಡು, ಒಂದು ಕಬ್ಬಿಣದ ಗೇಟು. ಸಂಜೆ ಆರಕ್ಕೆ ಗಂಟೆ, ಹಾಜರಿ, ಬೀಗ. ಬೀಗ ಬಿದ್ದ ಮೇಲೆ ಒಳಗಿದ್ದವರು ಹೊರಗಿಲ್ಲ, ಹೊರಗಿದ್ದವರು ಒಳಗಿಲ್ಲ. ಒಮ್ಮೆ ಯಾರೋ ಮೇಲಧಿಕಾರಿ ಹೇಳದೆ ಕೇಳದೆ ತನಿಖೆಗೆಂದು ಜೀಪಿನಲ್ಲಿ ಬಂದಿಳಿದರಂತೆ. ಆಗ ಆರೂಕಾಲು. ಅತ್ತೆ ಗೇಟಿನ ಒಳಗಿನಿಂದಲೇ, "ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ" ಅಂದರು.

"ನಾನ್ಯಾರು ಗೊತ್ತೇನಮ್ಮ?"

"ಗೊತ್ತಿಲ್ಲ. ಗೊತ್ತಿದ್ರೂ ಅಷ್ಟೇ, ಆರು ಹೊಡೆದಾಯ್ತು."

ಆ ಸಾಹೇಬರು ಸ್ವಲ್ಪ ಹೊತ್ತು ಗೇಟನ್ನು ನೋಡುತ್ತ ನಿಂತಿದ್ದು ಹೊರಟುಹೋದರು. ಆಮೇಲೆ ಬಂದ ವರದಿಯಲ್ಲಿ 'ಭದ್ರತೆ ತೃಪ್ತಿಕರ' ಎಂದು ಬರೆದಿತ್ತು. ಪಾಪ, ಮತ್ತೇನು ಬರೆಯಬೇಕು? ಭದ್ರತೆಯೊಂದನ್ನು ಬಿಟ್ಟು ಅವರು ಬೇರೇನನ್ನೂ ನೋಡಿರಲಿಲ್ಲ.

ಅತ್ತೆಗೆ ಇದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಆ ಮೂವತ್ತು ವರ್ಷದಲ್ಲಿ ಒಂದು ದಿನವೂ ಆ ಹಾಸ್ಟೆಲಿನಲ್ಲಿ 'ಊಟ ಮುಗಿದುಹೋಯಿತು' ಎಂಬ ಮಾತು ಹುಟ್ಟಲಿಲ್ಲವಂತೆ. ಅರವತ್ತು ಜನಕ್ಕೆ ಮುದ್ದೆ ಕಟ್ಟಿದರೆ ಅರವತ್ತನಾಲ್ಕು ಕಟ್ಟಬೇಕು. ಆ ನಾಲ್ಕು ಯಾರಿಗೆ ಎಂದು ಕೇಳಬಾರದು. "ಬಂದೋರ್ಗೆ" ಅನ್ನುತ್ತಿದ್ದರು.

ಇಂಥವರು ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟು, ಒಂದು ಟ್ರಂಕು ಹಿಡಿದು, ನಂಜನಗೂಡಿನ ನಮ್ಮ ಮನೆಗೆ ಬಂದರು. ಬಂದ ವಾರದೊಳಗೆ ನಮ್ಮ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಬಿತ್ತು. ತೊಗರಿಬೇಳೆ ಇಷ್ಟು, ಇಂಥ ದಿನದಿಂದ ಇಂಥ ದಿನದವರೆಗೆ. ಹದಿನೈದನೆಯ ದಿನ ನನ್ನ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದಳು.

"ನೋಡಿ, ನಿಮ್ಮತ್ತೆ ದೇವರಂಥೋರು. ಆದ್ರೆ ನಾನು ಅರ್ಧ ಲೋಟ ಸಕ್ಕರೆ ತಗೊಂಡ್ರೂ ಯಾರು ಬರ್ತಾರೆ ಅಂತ ಕೇಳ್ತಾರೆ. ದಿನಾ ಒಂದೆರಡು ಗಂಟೆ ಎಲ್ಲಿಗಾದ್ರೂ ಕರ್ಕೊಂಡು ಹೋಗಿ."

"ಎಲ್ಲಿಗೆ ಕರ್ಕೊಂಡು ಹೋಗ್ಲಿ?"

"ನಿಮ್ಮ ಕಂಪ್ಯೂಟರ್ ಸೆಂಟರಿಗೆ. ಅಲ್ಲಿ ಯಾರನ್ನಾದ್ರೂ ಹದ್ದುಬಸ್ತಲ್ಲಿ ಇಟ್ಕೊಳ್ಲಿ."

ಆಗ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನಾನು ಬಸ್‌ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ಇಟ್ಟುಕೊಂಡಿದ್ದೆ. ಕೇಂದ್ರವೆಂದರೆ ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ, ನಾಲ್ಕು ಕಂಪ್ಯೂಟರು, ಅವುಗಳ ನಡುವೆ ಎಳೆದ ತಂತಿ, ಮತ್ತು ಕೆಳಗಿನಿಂದ ಮೇಲೇರಿ ಬರುವ ಯೂರಿಯಾ ವಾಸನೆ. ಹದಿನಾಲ್ಕು ಮೆಟ್ಟಿಲು ಹತ್ತಿ ಬರಬೇಕು. ಕಾಲೇಜಿನವರು ಬಂದು ಟೈಪಿಂಗ್ ಕಲಿಯುತ್ತಿದ್ದರು, ಊರಿನವರು ಬಂದು ಅರ್ಜಿ ಟೈಪ್ ಮಾಡಿಸಿಕೊಂಡು ಹೋಗುತ್ತಿದ್ದರು. ಅತ್ತೆಗೆ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿದೆ. ಎರಡೇ ದಿನ. ಮೂರನೆಯ ದಿನದಿಂದ ನನ್ನ ವಿದ್ಯಾರ್ಥಿಗಳು ಹೇಳಿದ ಹೊತ್ತಿಗೆ ಬರತೊಡಗಿದರು. ನಾನೂ ಬರತೊಡಗಿದೆ.

ಮೂರನೆಯ ವಾರ ಅದು ನಡೆದದ್ದು. ಬಿ.ಕಾಂ. ಓದುವ ಇಬ್ಬರು ಹುಡುಗಿಯರು ಮೂಲೆಯ ಕಂಪ್ಯೂಟರಿನಲ್ಲಿ ಟೈಪಿಂಗ್ ಬಿಟ್ಟು ಗುಟ್ಟಾಗಿ ಒಂದು ಆಟ ಆಡುತ್ತಿದ್ದರು. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆಯಾಗಿ ಬಂದ ಸಿ.ಡಿ.ಯಲ್ಲಿದ್ದ ಆಟ. ಒಂದು ಗುಡ್ಡದ ಮೇಲೆ ನೀವು ಕೋಟೆ ಕಟ್ಟಬೇಕು. ರೈತರು, ಮರ ಕಡಿಯುವವರು, ಬಿಲ್ಲುಗಾರರು ಎಲ್ಲರೂ ನಿಮ್ಮ ಜನ. ಅವರಿಗೆ ನೀವೇ ಊಟ ಹಾಕಬೇಕು. ಅಷ್ಟರಲ್ಲಿ ಕಾಡಿನಿಂದ ರಾಕ್ಷಸರು, ಮೂಳೆಯ ಸೈನಿಕರು, ಮಂತ್ರವಾದಿಗಳು ದಂಡು ಕಟ್ಟಿಕೊಂಡು ಬಂದು ಮುತ್ತಿಗೆ ಹಾಕುತ್ತಾರೆ. ನಡುವೆ ನಿಮ್ಮ ಬಾವುಟದ ಕಂಬವೊಂದಿದೆ. ಅದು ಬಿದ್ದರೆ ನೀವು ಸೋತಿರಿ.

ಅತ್ತೆ ಅವರನ್ನು ಹಿಡಿಯಲೆಂದೇ ಕುರ್ಚಿಯಿಂದ ಎದ್ದಿದ್ದರು. ಅಷ್ಟರಲ್ಲಿ ಒಬ್ಬಳು, "ಅಯ್ಯೋ, ಊಟ ಮುಗಿದೋಯ್ತು ಕಣೇ, ಜನ ಬಿಟ್ಟು ಹೋಗ್ತಿದಾರೆ" ಅಂದಳು.

ಅತ್ತೆ ನಿಂತಲ್ಲೇ ನಿಂತರು. ಬೈಯುವುದು ಮರೆತುಹೋಯಿತು.

"ಎಷ್ಟು ಜನ?" ಅಂದರು.

"ಮೂವತ್ತೆಂಟು, ಮೇಡಂ."

"ಎಷ್ಟು ಮೂಟೆ ಇತ್ತು?"

"ನೋಡ್ಲಿಲ್ಲ, ಮೇಡಂ."

"ನೋಡ್ಲಿಲ್ಲ? ಮೂವತ್ತೆಂಟು ಜನಾನ ಮನೇಲಿಟ್ಕೊಂಡು ಉಗ್ರಾಣ ನೋಡ್ಲಿಲ್ಲ? ಏಳಿ ಮೇಲೆ."

ಹುಡುಗಿಯರು ಎದ್ದರು. ಅತ್ತೆ ಕೂತರು. ಆಮೇಲೆ ಮೂರು ವರ್ಷ ಆ ಮೂಲೆಯ ಕಂಪ್ಯೂಟರು ಬೇರೆ ಯಾರಿಗೂ ಸಿಗಲಿಲ್ಲ.

ಮೊದಲ ದಿನದ ಆಟ ಮೂರು ನಿಮಿಷಕ್ಕೆ ಮುಗಿಯಿತು. ಅತ್ತೆ ಮೊದಲು ಉಗ್ರಾಣ ಕಟ್ಟಿದರು, ಆಮೇಲೆ ಅಡುಗೆಮನೆ, ಆಮೇಲೆ ಇನ್ನೊಂದು ಉಗ್ರಾಣ. ಗೋಡೆ ಕಟ್ಟುವುದಕ್ಕೆ ಪುರುಸೊತ್ತಾಗಲಿಲ್ಲ. ರಾಕ್ಷಸರು ಯಾರ ಮನೆಗೋ ಊಟಕ್ಕೆ ಬಂದವರಂತೆ ಸೀದಾ ಒಳಗೆ ಬಂದರು. "ಇವರಿಗೆ ಇಂಥ ಹೊತ್ತು ಅಂತ ಇಲ್ವೇನೋ?" ಎಂದು ಅತ್ತೆ ನನ್ನನ್ನು ಕೇಳಿದರು.

ಮಾರನೆಯ ದಿನ ಗೋಡೆ ಎದ್ದಿತು. ಗೇಟು ಬಂತು, ಗೇಟಿನ ಹಿಂದೆ ಇನ್ನೊಂದು ಗೇಟು ಬಂತು. ಈಗ ಬೇರೆ ತೊಂದರೆ. ಶತ್ರು ಕಂಡ ಕೂಡಲೇ ಗೇಟು ಮುಚ್ಚಬೇಕು, ಆಟದ ನಿಯಮವೇ ಅದು. ಅತ್ತೆ ಮುಚ್ಚುವುದಿಲ್ಲ. ಹಾಜರಿ ತೆಗೆಯುತ್ತಾರೆ. ಮೂವತ್ತೆಂಟರಲ್ಲಿ ಮೂವತ್ತೇಳು ಜನ ಒಳಗಿದ್ದಾರೆ, ಮರ ಕಡಿಯುವವನೊಬ್ಬ ದೂರದ ಕಾಡಿನಲ್ಲಿ ಕೊಡಲಿ ಹೆಗಲ ಮೇಲೆ ಇಟ್ಟುಕೊಂಡು ನಿಧಾನವಾಗಿ ಬರುತ್ತಿದ್ದಾನೆ. ಅವನ ಹಿಂದೆಯೇ ಇನ್ನೂರು ರಾಕ್ಷಸರು.

"ಮುಚ್ಚಿ ಅತ್ತೆ, ಅವನೊಬ್ಬ ಹೋದ್ರೆ ಹೋಗ್ಲಿ."

"ಹೋಗ್ಲಿ ಅಂದ್ರೆ? ನಾಳೆ ಅವರ ತಾಯಿ ಬಂದು ಕೇಳಿದ್ರೆ ಏನು ಹೇಳ್ಲಿ?"

ಮರ ಕಡಿಯುವವನು ಬಂದ. ಅವನ ಜೊತೆ ರಾಕ್ಷಸರೂ ಬಂದರು. ಹೀಗೆ ಎಂಟು ದಿನ ಒಬ್ಬನೇ ಮನುಷ್ಯನಿಗಾಗಿ ಎಂಟು ಕೋಟೆ ಬಿದ್ದವು. ಒಂಬತ್ತನೆಯ ದಿನ ಅತ್ತೆ ಕಾಡಿನವರೆಗೂ ಇನ್ನೊಂದು ಗೋಡೆ ಎಳೆದು, ಕಾಡನ್ನೇ ಕಾಂಪೌಂಡಿನೊಳಗೆ ಹಾಕಿಕೊಂಡರು. ಆ ಆಟ ಮಾಡಿದವರಿಗೂ ಇದು ಹೊಳೆದಿರಲಾರದು. ಆಮೇಲೆ ಅವರು ರಾಕ್ಷಸರಿಗೆ ಸೋತದ್ದನ್ನು ನಾನು ಕಾಣೆ.

ಎಣ್ಣೆಯ ವಿಷಯದಲ್ಲಿ ಮಾತ್ರ ಅವರಿಗೆ ಕೊನೆಯವರೆಗೂ ಸಮಾಧಾನವಿರಲಿಲ್ಲ. ಗೋಡೆ ಹತ್ತುವವರ ಮೇಲೆ ಕೊಪ್ಪರಿಗೆಗಟ್ಟಲೆ ಕಾದ ಎಣ್ಣೆ ಸುರಿಯುವುದು ಆಟದಲ್ಲಿ ದೊಡ್ಡ ಅಸ್ತ್ರ. "ಬಿಸಿನೀರು ಹುಯ್ಯಕ್ಕಾಗಲ್ವಾ?" ಎಂದು ಕೇಳಿದರು. ಆಗುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಗಂಜಿ?" ಅಂದರು.

ಹವಾಲ್ದಾರರು ಬಂದದ್ದು ಇದಾದ ನಾಲ್ಕೈದು ತಿಂಗಳಿಗೆ. ದೇವನೂರಿನವರು, ಸೈನ್ಯದಲ್ಲಿದ್ದು ನಿವೃತ್ತರಾದವರು. ಗರಿಗರಿ ಇಸ್ತ್ರಿ, ತಿರುಗಿಸಿದ ಮೀಸೆ, ನಡೆದರೆ ನನ್ನ ಕೇಂದ್ರದ ನೆಲ ಅದುರುತ್ತಿತ್ತು. ಊರಿನ ಬಸ್ಸಿನ ಹೊತ್ತು ಬದಲಿಸಬೇಕೆಂದು ಒಂದು ಅರ್ಜಿ ಟೈಪ್ ಮಾಡಿಸಲು ಬಂದಿದ್ದರು. ನಾನು ಟೈಪ್ ಮಾಡುತ್ತಿದ್ದರೆ ಅವರು ಕೈ ಹಿಂದೆ ಕಟ್ಟಿಕೊಂಡು ಅತ್ತೆಯ ಬೆನ್ನ ಹಿಂದೆ ಹೋಗಿ ನಿಂತರು.

"ಮೇಡಮ್ಮೋರೆ, ನಿಮ್ಮ ಎಡಗಡೆ ಗ್ವಾಡೆ ಕಾಲಿ ಐತೆ" ಅಂದರು.

ಅತ್ತೆ ತಿರುಗಲಿಲ್ಲ. "ಅರ್ಜಿ ಅಲ್ಲಿ. ಇಲ್ಲಿ ಏನು ಕೆಲಸ?"

"ಮಿಲಿಟ್ರೀಲಿ ಇಪ್ಪತ್ತೆರಡು ವರ್ಸ ಇದ್ದೋನು ಕಣ್ರೀ. ಕಣ್ಣಿಗೆ ಬಿತ್ತು, ಏಳ್ದೆ. ಇಂಥ ಕ್ವಾಟೆ ನಾನಾಗಿದ್ರೆ ಅರ್ಧ ಗಂಟೇಲಿ ಇಡೀತಿದ್ದೆ."

ಈಗ ಅತ್ತೆ ತಿರುಗಿದರು. ಅವರನ್ನು ಮೀಸೆಯಿಂದ ಬೂಟಿನವರೆಗೆ ನೋಡಿ, ನನ್ನ ಕಡೆ ನೋಡಿ, "ಇವರಿಗೆ ಒಂದು ಕಂಪ್ಯೂಟರ್ ಹಾಕ್ಕೊಡು" ಅಂದರು.

ತಂತಿ ಇದ್ದದ್ದರಿಂದ ಒಂದು ಕಂಪ್ಯೂಟರಿನಲ್ಲಿ ಒಬ್ಬರು ಕೋಟೆ ಕಟ್ಟಿ, ಎದುರಿನ ಕಂಪ್ಯೂಟರಿನಿಂದ ಇನ್ನೊಬ್ಬರು ಅದರ ಮೇಲೆ ದಂಡೆತ್ತಿ ಬರಬಹುದಿತ್ತು. ಹವಾಲ್ದಾರರಿಗೆ ಮೌಸು ಹಿಡಿಯಲು ಕಲಿಸುವುದಕ್ಕೇ ಒಂದು ವಾರ ಹಿಡಿಯಿತು. ಆಮೇಲೆ ಪ್ರತಿ ಮಂಗಳವಾರ, ಶುಕ್ರವಾರ, ದೇವನೂರಿನ ಬಸ್ಸು ಬಂದು ನಿಂತ ಹತ್ತು ನಿಮಿಷಕ್ಕೆ, ಸರಿಯಾಗಿ ಹನ್ನೊಂದಕ್ಕೆ ಮುತ್ತಿಗೆ ಶುರು. ಎದುರುಬದುರು ಎರಡು ದಪ್ಪ ಪೆಟ್ಟಿಗೆಯಂಥ ಕಂಪ್ಯೂಟರು. ಒಬ್ಬರ ಮುಖದಲ್ಲಿ ಇನ್ನೊಬ್ಬರಿಗೆ ಕಾಣುತ್ತಿದ್ದದ್ದು ಹಣೆ ಮಾತ್ರ.

ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದ ಹವಾಲ್ದಾರರು ಒಂದು ಕೋಟೆಯನ್ನೂ ಹಿಡಿದಿರಲಿಲ್ಲ. ಅವರು ಟ್ರಕ್ ಡ್ರೈವರು. ಇದು ಅವರ ಯುದ್ಧದಲ್ಲಿ ಬೇಗ ಗೊತ್ತಾಯಿತು. ಬಾಗಿಲು ಒಡೆಯುವ ದೊಡ್ಡ ದಿಮ್ಮಿಯ ಬಂಡಿಯೊಂದು ಆಟದಲ್ಲಿತ್ತು, ಮುಂದಕ್ಕೆ ಟಗರಿನ ತಲೆ ಕೆತ್ತಿದ್ದು. ಹವಾಲ್ದಾರರು ಅದನ್ನು ಸೀದಾ ತಂದು ಅತ್ತೆಯ ಕಂದಕದಲ್ಲಿ ಸಿಕ್ಕಿಸಿದರು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ, "ಸಾ, ಇದ್ಕೆ ರಿವರ್ಸ್ ಎಲ್ಲೈತೆ?" ಎಂದು ಕೇಳಿದರು.

ಈ ಯುದ್ಧಕ್ಕೆ ಕೆಲವು ಧರ್ಮಗಳಿದ್ದವು. ಹವಾಲ್ದಾರರು ಟೀ ಕುಡಿಯುವಾಗ ಅತ್ತೆ ಬಾಣ ಬಿಡುತ್ತಿರಲಿಲ್ಲ. ಅತ್ತೆ ಮಾತ್ರೆ ನುಂಗುವಾಗ ಹವಾಲ್ದಾರರು ಕಲ್ಲು ಎಸೆಯುತ್ತಿರಲಿಲ್ಲ. ಹನ್ನೆರಡಕ್ಕೆ ಅತ್ತೆ ತಮ್ಮ ಡಬ್ಬಿಯಿಂದ ಅರ್ಧ ಉಪ್ಪಿಟ್ಟು ತೆಗೆದು ಮುಚ್ಚಳದಲ್ಲಿ ಹಾಕಿ ಶತ್ರುವಿಗೆ ಕಳಿಸುತ್ತಿದ್ದರು. ಮುಚ್ಚಳ ವಾಪಸ್ ಬಂದ ಕೂಡಲೇ ಕೊಪ್ಪರಿಗೆ ಬಗ್ಗಿಸುತ್ತಿದ್ದರು.

ಒಂದು ಸಲ ಕೋಟೆ ಹೋದಂತೆಯೇ ಆಗಿತ್ತು. ಗೋಡೆ ಹತ್ತುವುದು ತಮ್ಮಿಂದಾಗದೆಂದು ತಿಳಿದ ಹವಾಲ್ದಾರರು ಉಪಾಯ ಬದಲಿಸಿದರು. ನಾಲ್ಕೂ ದಿಕ್ಕಿಗೆ ಸೈನ್ಯ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟರು. "ಒಳಗಿರೋದ್ನೆಲ್ಲ ತಿನ್ಲಿ. ಅಸ್ದು ಆಚಿಗೆ ಬತ್ತರೆ" ಅಂದರು. ಆಟವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಬಹುದಿತ್ತು. ಹೀಗೆ ಮಂಗಳವಾರ ಶುಕ್ರವಾರ ಮಂಗಳವಾರ, ಮೂರು ದಿನ ಮುತ್ತಿಗೆ. ಅತ್ತೆ ಕೋಟೆಯವರಿಗೆ ಊಟ ಅರ್ಧ ಮಾಡಿದರು. ಏನು ಮೈಮರೆತರೋ, ಮನೆಯಲ್ಲೂ ಅರ್ಧ ಮಾಡಿದರು. ನನ್ನ ತಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಮುದ್ದೆ ಕಂಡು ನಾನು ಹೆಂಡತಿಯ ಮುಖ ನೋಡಿದೆ. "ನನ್ನ ಯಾಕೆ ನೋಡ್ತೀರಿ? ಹೋಗಿ ಆ ಮಿಲಿಟ್ರಿಯವರಿಗೆ ಹೇಳಿ, ಬೇಗ ಗೆದ್ದುಕೊಳ್ಳಿ ಅಂತ" ಅಂದಳು.

ಮೂರನೆಯ ದಿನ ಹನ್ನೆರಡರ ಹೊತ್ತಿಗೆ ಹವಾಲ್ದಾರರ ಸೈನಿಕರು ಒಬ್ಬೊಬ್ಬರಾಗಿ ಬಿಲ್ಲು ಕೆಳಗಿಟ್ಟು ಕಾಡಿನ ಕಡೆ ನಡೆದುಹೋಗತೊಡಗಿದರು. ಹವಾಲ್ದಾರರು ಏನೇನು ಒತ್ತಿದರೂ ಅವರು ನಿಲ್ಲಲಿಲ್ಲ. ನಾನು ಹೋಗಿ ನೋಡಿದರೆ, ಹೊರಗೆ ನಿಂತ ಸೈನ್ಯಕ್ಕೆ ಊಟವೇ ಇಲ್ಲ! ಅತ್ತೆಗೆ ಹೇಳಿದೆ. ಅವರು ಕಂಪ್ಯೂಟರಿನ ಪಕ್ಕದಿಂದ ತಲೆ ಹೊರಗೆ ಹಾಕಿದರು.

"ಇಪ್ಪತ್ತೆರಡು ವರ್ಷ ರೇಷನ್ ಸಾಗಿಸಿದೋರು ನೀವು. ರೇಷನ್ ತರೋದು ಮರೆತ್ರಾ?"

ಹವಾಲ್ದಾರರು ತಲೆ ತಗ್ಗಿಸಿ ಹೇಳಿದರು, "ಅಲ್ಲಿ ಲೋಡ್ ಮಾಡೋರು ಬ್ಯಾರೆ ಇದ್ರು, ಮೇಡಮ್ಮೋರೆ."

ಇನ್ನೊಂದು ಸಲ ಅವರು ತಿಂಗಳುಗಟ್ಟಲೆ ಚಿನ್ನ ಕೂಡಿಟ್ಟು ಒಂದು ಡ್ರ್ಯಾಗನ್ ತರಿಸಿದರು. ರೆಕ್ಕೆಯಿರುವ, ಬೆಂಕಿ ಉಗುಳುವ ದೊಡ್ಡ ಹಾವು ಅದು. ಗೋಡೆ ಎಷ್ಟು ಎತ್ತರವಿದ್ದರೇನು, ಅದು ಮೇಲಿನಿಂದ ಬರುತ್ತದೆ. ಅತ್ತೆಯ ಮೂರು ಉಗ್ರಾಣಗಳಿಗೆ ಬೆಂಕಿ ಬಿತ್ತು. ಅದು ಬಾವುಟದ ಕಂಬದ ಮೇಲೆ ಎರಗಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಉಳಿಸಿಟ್ಟಿದ್ದ ಆಟವೂ ಅಳಿಸಿಹೋಗಿತ್ತು; ಡ್ರ್ಯಾಗನ್ ಇಲ್ಲ, ಕೋಟೆ ಇಲ್ಲ, ಏನೂ ಇಲ್ಲ. ಅದಾದ ಮೇಲೆ ಹವಾಲ್ದಾರರು ಎರಡು ವಾರ, ಮೇಡಮ್ಮೋರಿಗೆ ವಿದ್ಯುತ್ ಇಲಾಖೆಯಲ್ಲಿ ಯಾರೋ ನೆಂಟರಿದ್ದಾರೆಂದು ಬಸ್ಸಿನಲ್ಲೆಲ್ಲ ಹೇಳಿಕೊಂಡು ಓಡಾಡಿದರು.

ಊರೆಂದ ಮೇಲೆ ಬಾಯಿ ಇರುತ್ತದೆ. ಬಿಳಿಗೆರೆಯಿಂದ ನಮ್ಮ ದೂರದ ಚಿಕ್ಕಪ್ಪನೊಬ್ಬ ಒಂದು ದಿನ ಮನೆಗೆ ಬಂದು, ಟವೆಲ್ಲು ಹೆಗಲಿನಿಂದ ತೊಡೆಗೆ, ತೊಡೆಯಿಂದ ಹೆಗಲಿಗೆ ಹಾಕುತ್ತ ಬಹಳ ಹೊತ್ತು ಕೂತಿದ್ದು, ಕೊನೆಗೆ ಬಾಯಿ ಬಿಟ್ಟ.

"ಅಕ್ಕ, ಜನ ಏನೇನೋ ಮಾತಾಡ್ತವ್ರೆ. ನೀನೂ ಆ ಮಿಲಿಟ್ರಿಯೋನೂ ಎದುರುಬದುರು ಕೂತ್ಕಂಡು ಎರಡೆರಡು ಗಂಟೆ ಅದೇನ್ ಮಾಡ್ತೀರಿ ಅಂತ."

"ಹೊಡೆದಾಡ್ತೀವಿ" ಅಂದರು ಅತ್ತೆ, ಅವರೆಕಾಯಿ ಬಿಡಿಸುತ್ತ.

"ಏನು?"

"ಅವರು ನನ್ನ ಮನೆಗೆ ಬೆಂಕಿ ಹಚ್ತಾರೆ, ನಾನು ಅವರ ಕಡೆಯವರ ಮೇಲೆ ಕಾದೆಣ್ಣೆ ಹುಯ್ತೀನಿ. ನೀನೂ ನಿನ್ನ ಹೆಂಡ್ತೀನೂ ಮಾಡೋದಕ್ಕಿಂತ ಕಮ್ಮೀನೇ. ಇರು, ಸಾರು ಕುದೀತಿದೆ, ಊಟ ಮಾಡ್ಕೊಂಡು ಹೋಗು."

ಚಿಕ್ಕಪ್ಪ ಊಟ ಮಾಡಿಕೊಂಡು ಹೋದ. ಆ ಮಾತು ಮತ್ತೆ ಬರಲಿಲ್ಲ.

ಹೀಗೆ ಎರಡು ವರ್ಷವಾಯಿತು. ಹವಾಲ್ದಾರರು ಒಮ್ಮೆಯೂ ಗೆಲ್ಲಲಿಲ್ಲ. ಅದಕ್ಕೆ ಅವರು ಬೇಜಾರು ಪಟ್ಟುಕೊಂಡದ್ದೂ ಕಾಣಲಿಲ್ಲ. ಪ್ರತಿ ಸಲ ಸೋತು ಮೆಟ್ಟಿಲಿಳಿಯುವಾಗ, "ಮುಂದಿನ ವಾರ ಇರಾಕಿಲ್ಲ ನಿಮ್ಮ ಕ್ವಾಟೆ" ಎಂದು ಹೇಳಿಹೋಗುತ್ತಿದ್ದರು.

ಒಂದು ಶುಕ್ರವಾರ ಅವರು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಅತ್ತೆ ಹನ್ನೊಂದರಿಂದ ಒಂದರವರೆಗೆ ಕೋಟೆಗೆ ಗಾರೆ ಬಳಿಯುತ್ತ ಕೂತರು. "ಹೆದರಿರಬೇಕು" ಅಂದರು. ಮುಂದಿನ ಶುಕ್ರವಾರ ಗಾರೆಯನ್ನೂ ಬಳಿಯಲಿಲ್ಲ. ನಾನೇ ಬಸ್‌ ಸ್ಟ್ಯಾಂಡಿಗೆ ಹೋಗಿ ದೇವನೂರಿನ ಬಸ್ಸಿನ ಕಂಡಕ್ಟರನ್ನು ಕೇಳಿದೆ. ಹವಾಲ್ದಾರರಿಗೆ ಲಕ್ವ ಹೊಡೆದಿದೆ, ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮೈಸೂರಿನ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಕರೆತಂದಿದ್ದಾರೆ ಎಂದು ಹೇಳಿದ.

ಅತ್ತೆಗೆ ಹೇಳಿದೆ. ಕಂಪ್ಯೂಟರು ಆರಿಸಿದರು. "ಮುಂದಿನ ಬಸ್ಸು ಎಷ್ಟು ಹೊತ್ತಿಗೆ?" ಎಂದಷ್ಟೇ ಕೇಳಿದರು.

ದೇವನೂರಿನ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಹವಾಲ್ದಾರರನ್ನು ಒರಗಿಸಿ ಕೂರಿಸಿದ್ದರು. ಇಸ್ತ್ರಿಯಿಲ್ಲದ ಅಂಗಿ. ಮೀಸೆಯ ಒಂದು ಕಡೆ ಕೆಳಗೆ ಬಿದ್ದಿತ್ತು. ಬಲಗೈ ಬೇರೆ ಯಾರದೋ ಎಂಬಂತೆ ದಿಂಬಿನ ಮೇಲಿತ್ತು. ಸುತ್ತಲೂ ನೆಂಟರು, ನೆರೆಯವರು. "ಹುಲಿ ಹಂಗಿದ್ರು" ಎಂದು ಒಬ್ಬರು ಅವರೆದುರಿಗೇ ಹೇಳುತ್ತಿದ್ದರು. ಸೊಸೆ ಅವರ ಬಾಯಿ ಒರೆಸಿ, ನಮಗೆ ಕಾಫಿ ತಂದುಕೊಟ್ಟಳು. ಅತ್ತೆ ಹೇಗಿದ್ದೀರಿ ಎಂದು ಕೇಳಲಿಲ್ಲ. ದೇವರಿದ್ದಾನೆ ಅನ್ನಲಿಲ್ಲ. ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಯಾವ ಮಂಗಳವಾರ ಬರ್ತೀರಿ?" ಅಂದರು.

ನೆಂಟರೆಲ್ಲ ಅತ್ತೆಯ ಕಡೆ ತಿರುಗಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಬರ್ತೀರೋ, ಇಲ್ಲ ಸೋತೆ ಅಂತ ಬರ್ಕೊಡ್ತೀರೋ?"

ಹವಾಲ್ದಾರರ ಮುಖದ ಒಂದು ಕಡೆ ಅಲುಗಿತು. ಗಂಟಲಿನಿಂದ ಏನೋ ಹೊರಟಿತು. ನಾನು ಅಳು ಎಂದುಕೊಂಡೆ. ಸೊಸೆ ಹತ್ತಿರ ಬಗ್ಗಿ ನೋಡಿ, "ಹತ್ತು ದಿನ ಆಯ್ತು ಕಣಮ್ಮ, ಇವತ್ತೇ ಮಾವ ನಗ್ತಿರದು" ಅಂದಳು.

"ಬ... ಬತ್ತೀನಿ" ಅಂದರು ಹವಾಲ್ದಾರರು.

ಆಮೇಲಿನ ಐದು ತಿಂಗಳು ಅತ್ತೆ ಯಾರ ಜೊತೆಗೂ ಆಡಲಿಲ್ಲ. ಬಿ.ಕಾಂ. ಹುಡುಗಿಯರು ನಾವು ದಂಡೆತ್ತಿ ಬರುತ್ತೇವೆಂದು ಕೇಳಿಕೊಂಡರು. "ನನ್ನ ಕೋಟೆಗೆ ಬರೋರು ಒಬ್ರು ಇದಾರೆ" ಎಂದು ಹೇಳಿ ಕಳಿಸಿದರು. ಮಂಗಳವಾರ, ಶುಕ್ರವಾರ ಹನ್ನೊಂದಕ್ಕೆ ಕೂತು, ಉಗ್ರಾಣ ತುಂಬಿಸಿ, ಗೋಡೆ ನೋಡಿ, ಒಂದಕ್ಕೆ ಎದ್ದು ಬರುತ್ತಿದ್ದರು. ಉಪ್ಪಿಟ್ಟಿನ ಅರ್ಧ ಡಬ್ಬಿಯಲ್ಲೇ ಮನೆಗೆ ವಾಪಸ್ ಬರುತ್ತಿತ್ತು. ನನ್ನ ಹೆಂಡತಿ ಅದನ್ನು ಬೇರೆ ತಟ್ಟೆಗೆ ಹಾಕಿ ಡಬ್ಬಿ ತೊಳೆದಿಡುತ್ತಿದ್ದಳು.

ಒಂದು ಮಂಗಳವಾರ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಒಂದು ಮೆಟ್ಟಿಲು, ಬಹಳ ಹೊತ್ತು, ಇನ್ನೊಂದು ಮೆಟ್ಟಿಲು. ನಾನು ಕೆಳಗೆ ಓಡಿದೆ. ಸೊಸೆ ಹಿಂದಿನಿಂದ ಹಿಡಿದುಕೊಂಡಿದ್ದಳು. ನಾನು ತೋಳು ಹಿಡಿಯಹೋದರೆ ಹವಾಲ್ದಾರರು ಬೇಡವೆಂದು ತಲೆಯಾಡಿಸಿದರು. ಹದಿನಾಲ್ಕೂ ಮೆಟ್ಟಿಲು ಅವರೇ ಹತ್ತಿದರು. ಅಂಗಿಗೆ ಇಸ್ತ್ರಿ ಇತ್ತು. ನಾನು ಅವರ ಕಂಪ್ಯೂಟರಿನ ಮೌಸನ್ನು ಬಲಗಡೆಯಿಂದ ತೆಗೆದು ಎಡಗಡೆ ಇಟ್ಟುಕೊಟ್ಟೆ.

"ಎಡಗೈಲೇ ಉಂಡೆ, ಎಡಗೈಲೇ ಗುಂಡಿ ಆಕ್ಕಂಡೆ" ಅಂದರು. ಮಾತು ನಿಧಾನವಾಗಿತ್ತು, ಆದರೆ ತಿಳಿಯುತ್ತಿತ್ತು. "ಎಡಗೈಲೇ ನಿಮ್ಮ ಕ್ವಾಟೆ ಒಡೀತೀನಿ, ನೋಡಿ."

"ಮಾತು ಸಾಕು. ಕೂತ್ಕೊಳ್ಳಿ" ಅಂದರು ಅತ್ತೆ.

ಅತ್ತೆ ನೀರು ಕುಡಿಯಲು ಎದ್ದಾಗ ನಾನು ಹೂಜಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಅತ್ತೆ, ಇವತ್ತೊಂದು ದಿನ ಗೆಲ್ಲಕ್ಕೆ ಬಿಟ್ಟುಬಿಡಿ. ಪಾಪ."

ಅವರು ನನ್ನನ್ನು ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆ ಮೇಲಧಿಕಾರಿ ಗೇಟಿನ ಹೊರಗೆ ನಿಂತು ಕಂಡದ್ದು ಇದೇ ಮುಖವಿರಬೇಕು.

"ಐದು ತಿಂಗಳಿಂದ ಮನೇಲಿ, ಊರಲ್ಲಿ, ಎಲ್ಲರೂ ಅವರಿಗೆ ಬಿಟ್ಟುಕೊಡ್ತಾನೇ ಇದಾರೆ. ಹದಿನಾಲ್ಕು ಮೆಟ್ಟಿಲು ಹತ್ತಿ ಬಂದದ್ದು ಇಲ್ಲೂ ಅದನ್ನೇ ಇಸ್ಕೊಂಡು ಹೋಗಕ್ಕಾ?" ಅಂದರು. ಹೋಗಿ ಕೂತರು.

ಯುದ್ಧ ಶುರುವಾಯಿತು. ನಾನು ಹವಾಲ್ದಾರರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಅವರ ಕೈ ನಿಧಾನ, ಆದರೆ ಒಂದೂ ತಪ್ಪಿಲ್ಲ. ಈ ಸಲ ರೇಷನ್ ಬಂಡಿಗಳು ಸೈನ್ಯದ ಹಿಂದೆ ಸಾಲಾಗಿ ಬಂದವು. ಟಗರಿನ ತಲೆಯ ಬಂಡಿ ಕಂದಕ ತಪ್ಪಿಸಿ ಸುತ್ತಿ ಬಂತು. ಆಚೆ ಕಡೆ ಅತ್ತೆಯ ಕೋಟೆಯಲ್ಲಿ ಮಾತ್ರ ಏನೋ ಆಗಿತ್ತು. ಬಿಲ್ಲುಗಾರರು ಬೇಕಾದ ಗೋಡೆ ಬಿಟ್ಟು ಬೇರೆ ಗೋಡೆ ಹತ್ತುತ್ತಿದ್ದರು. ಕೊಪ್ಪರಿಗೆ ಶತ್ರು ದಾಟಿಹೋದ ಮೇಲೆ ಬಗ್ಗುತ್ತಿತ್ತು. ಒಳಗೇಟು ಮುಚ್ಚಬೇಕಾದ ಹೊತ್ತಿಗೆ ತೆರೆಯಿತು. ಹೂಜಿಯ ಹತ್ತಿರ ನನಗೆ ಅಷ್ಟು ಬೈದು, ಈಗ ತಾವೇ ಬಿಟ್ಟುಕೊಡುತ್ತಿದ್ದಾರೆ. ಅಂತೂ ಮನಸ್ಸು ಕರಗಿತಲ್ಲ ಎಂದುಕೊಂಡೆ. ಒಂದು ಗಂಟೆಗೆ ಐದು ನಿಮಿಷವಿದ್ದಾಗ ಅತ್ತೆಯ ಬಾವುಟದ ಕಂಬ ಉರುಳಿತು.

ಹವಾಲ್ದಾರರು ಸಂತೋಷಪಡಲಿಲ್ಲ. ಮೌಸು ಬಿಟ್ಟು, ಎದುರಿಗೆ ಕಾಣುತ್ತಿದ್ದ ಅತ್ತೆಯ ಹಣೆಯನ್ನೇ ನೋಡಿದರು.

"ಮೇಡಮ್ಮೋರೆ, ದ್ಯಾವ್ರಾಣೆಗೂ ಏಳಿ. ಬೇಕೂ ಅಂತ ಸೋತ್ರಾ?"

"ನಂಜುಂಡೇಶ್ವರನಾಣೆಗೂ ಇಲ್ಲ" ಅಂದರು ಅತ್ತೆ. "ಇದ್ದಬದ್ದ ಶಕ್ತಿಯೆಲ್ಲ ಹಾಕಿ ಆಡ್ದೆ. ಆಗ್ಲಿಲ್ಲ. ನೀವು ಗೆದ್ರಿ."

ಅದರಲ್ಲಿ ನಿಜವಾದ ಕೋಪವಿತ್ತು. ಹವಾಲ್ದಾರರು ಅದನ್ನು ಕೇಳಿಸಿಕೊಂಡರು. ಆಮೇಲೆ ಅವರ ಮುಖದಲ್ಲಿ ಮೂಡಿದ್ದನ್ನು ನಾನು ಬರೆಯಲಾರೆ. ಸೊಸೆ ಅವರನ್ನು ಹಿಡಿದುಕೊಂಡು ಮೆಟ್ಟಿಲಿಳಿಸುವಾಗ ಕೆಳಗೆ ಗೊಬ್ಬರದ ಅಂಗಡಿಯವರಿಗೆ, "ಒಡ್ದಾಕ್ದೆ ಕಣಯ್ಯ, ಎರಡು ವರ್ಸದ ಕ್ವಾಟೆ" ಎಂದು ಹೇಳುತ್ತಿದ್ದದ್ದು ಮೇಲಕ್ಕೆ ಕೇಳಿಸಿತು.

ನಾನು ಬೆರಗಾಗಿ ನಿಂತಿದ್ದೆ. ಅತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಅದರಲ್ಲೂ ನಂಜನಗೂಡಿನಲ್ಲಿ ಕೂತು ನಂಜುಂಡೇಶ್ವರನ ಮೇಲೆ ಸುಳ್ಳು ಆಣೆಯೆ? ಕಂಪ್ಯೂಟರು ಆರಿಸಲೆಂದು ಅವರ ಮೇಜಿನ ಹತ್ತಿರ ಹೋದೆ.

ಅವರ ಮೌಸು ಕೀಬೋರ್ಡಿನ ಎಡಗಡೆ ಇತ್ತು. ನಾನು ಇಟ್ಟದ್ದಲ್ಲ. ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ನೀವಿಕೊಳ್ಳುತ್ತ ಅತ್ತೆ ಇನ್ನೂ ಬಿದ್ದ ಕೋಟೆಯನ್ನೇ ನೋಡುತ್ತಿದ್ದರು. ನಾನು ಮೌಸನ್ನು ನೋಡಿದ್ದನ್ನು ಅವರು ನೋಡಿದರು.

"ನಾಳೆಯಿಂದ ಅರ್ಧ ಗಂಟೆ ಮುಂಚೆ ಬಾಗಿಲು ತೆಗಿ" ಅಂದರು. "ಶುಕ್ರವಾರದೊಳಗೆ ಈ ಕೈ ಪಳಗಬೇಕು."